ಸ್ಪೇನಿನ ಗಿರಾಕಿ

ಲೊಜಾನ್‌ನ ಕಚೇರಿಯ ಗಾಜಿನ ಮೇಲೆ ಮಾರಾಟದ ಮನೆಗಳ ಫೋಟೊ ಒಂದೂ ಇರಲಿಲ್ಲ. ಸ್ಪಾಸ್‌ನ ಹೊಟ್ಟೆ ಉರಿಸುತ್ತಿದ್ದುದು ಅದೇ. ಸ್ಪಾಸ್‌ನ ಕಾಲದಲ್ಲಿ ಸೆವ್ಲಿಯೆವೊ ಪಟ್ಟಣದಲ್ಲಿ ಮನೆ ಮಾರಿಸುವುದೆಂದರೆ ಗಾಜಿನ ತುಂಬ ಫೋಟೊ ಅಂಟಿಸಬೇಕು, ಸಂತೆಗೆ ಬಂದವರು ಅದಕ್ಕೆ ಮೂಗು ಒತ್ತಿ ನೋಡಬೇಕು, ಒಳಗೆ ಬಂದು ಕೂತು ಕಾಫಿ ಕುಡಿದು ಅಣ್ಣತಮ್ಮಂದಿರ ಜಗಳವನ್ನೆಲ್ಲ ಹೇಳಿಕೊಂಡು ಅತ್ತು ಹಗುರಾಗಬೇಕು. ವ್ಯಾಪಾರದ ಮಾತು ಆಮೇಲೆ. ಲೊಜಾನ್‌ಗೆ ಇದೊಂದೂ ಬೇಕಿರಲಿಲ್ಲ. ಮೇಜಿನ ಮೇಲೆ ಫೋನಿಟ್ಟುಕೊಂಡು ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿರುತ್ತಿದ್ದ. ಫೋನು ಟಿಣ್ ಎನ್ನುತ್ತಿತ್ತು. ಲಂಡನ್ನಿನಲ್ಲೋ ಮಿಲಾನಿನಲ್ಲೋ ಪಾತ್ರೆ ತೊಳೆಯುವ ಯಾರೋ ಅವನ ವೆಬ್‌ಸೈಟಿಗೆ ಹೋಗಿ ತಮ್ಮ ಅಜ್ಜನ ಮನೆಯ ವಿವರ ತುಂಬಿರುತ್ತಿದ್ದರು. ಗಿರಾಕಿ ತಾನಾಗಿಯೇ ಬಂದು ಕೈಗೆ ಬೀಳುತ್ತಿದ್ದ. ಇವನು ಸಿಪ್ಪೆ ಉಗುಳಿ ಎದ್ದರೆ ಸಾಕಿತ್ತು.

ಈ ಲೊಜಾನ್‌ನನ್ನು ಮನುಷ್ಯನನ್ನಾಗಿ ಮಾಡಿದವನು ಯಾರು? ಸ್ಪಾಸೇ. ಗೋಡೆ ಮೂಸಿ ತೇವ ಕಂಡುಹಿಡಿಯುವುದನ್ನು ಕಲಿಸಿದವನು ಅವನು. ಮಾರುವವರ ಮನೆಯಲ್ಲಿ ಮೊದಲು ಅಡುಗೆಮನೆಯ ಹೆಂಗಸಿನ ಹತ್ತಿರ ಮಾತಾಡಬೇಕು, ತೀರ್ಮಾನ ಯಾವತ್ತೂ ಅಲ್ಲೇ ಆಗುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಮಗಳು ನೆವೆನಾಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಳ್ಳುವ ಧರ್ಮತಂದೆಯಾಗಿ ನಿಲ್ಲಿಸಿದ್ದೂ ಅವನನ್ನೇ. ಅಂಥವನು ಚೌಕದ ಆಚೆ ಬದಿಗೆ ಬೇರೆ ಕಚೇರಿ ತೆರೆದ. ಹೋಗಲಿ ಬಿಡು ಎಂದುಕೊಂಡರೆ ವೆಬ್‌ಸೈಟ್ ತೆರೆದ. ಅಲ್ಲಿಗೆ ಸ್ಪಾಸ್‌ನ ಬಾಗಿಲಿಗೆ ಬರುವ ಹೆಜ್ಜೆಗಳು ನಿಂತೇಹೋದವು.

ಅದನ್ನೂ ಅವನು ಸಹಿಸಿಕೊಂಡಾನು. ಸಹಿಸಲಾಗದ್ದು ನೆವೆನಾಳ ವಿಷಯ. ತಾಯಿ ತೀರಿಕೊಂಡ ಮೇಲೆ ಅವಳು ಅಪ್ಪನ ಕಚೇರಿಯಲ್ಲೇ ಕೂರುತ್ತಿದ್ದಳು. ನಾವೂ ಒಂದು ವೆಬ್‌ಸೈಟ್ ಮಾಡೋಣ, ನಾನೇ ನೋಡಿಕೊಳ್ಳುತ್ತೇನೆ ಎಂದು ದಿನಾ ದುಂಬಾಲು ಬೀಳುತ್ತಿದ್ದಳು. “ಮನೆ ಅಂದ್ರೇನು ಚಪ್ಪಲಿನಾ, ಫೋಟೊ ನೋಡಿ ತಗೊಳ್ಳೋಕೆ?” ಎಂದು ಅವನು ನಗಾಡುತ್ತಿದ್ದ. ಒಂದು ದಿನ ನಗು ಬರಲಿಲ್ಲ. ಹಳೇ ಗಿರಾಕಿಯೊಬ್ಬ ಚೌಕ ದಾಟಿ ಲೊಜಾನ್‌ನ ಕಚೇರಿಗೆ ಹೋದದ್ದನ್ನು ಇಬ್ಬರೂ ಕಿಟಕಿಯಿಂದ ನೋಡಿದ್ದರು. ಆಗ ಸ್ಪಾಸ್ ಮಗಳಿಗೆ, “ಅಷ್ಟು ಆಸೆ ಇದ್ರೆ ಹೋಗು, ನಿನ್ನ ಧರ್ಮತಂದೆ ಕಚೇರಿಯಲ್ಲೇ ಬಿದ್ದಿರು” ಎಂದುಬಿಟ್ಟ. ಅವಳು ಅಲ್ಲಿಗೆ ಹೋಗಲಿಲ್ಲ. ವಾರ್ನಾಕ್ಕೆ ಹೋಗಿ ಸಮುದ್ರದಂಡೆಯ ಹೋಟೆಲೊಂದರಲ್ಲಿ ಬಂದವರಿಗೆ ಕೋಣೆ ತೋರಿಸುವ ಕೆಲಸಕ್ಕೆ ಸೇರಿದಳು. ಮೊದಲ ವರ್ಷ, ಹುಟ್ಟುಹಬ್ಬದಂತೆ ಆಚರಿಸುವ ಅವನ ನಾಮಹಬ್ಬಕ್ಕೆ ಫೋನ್ ಮಾಡಿದಳು. ಅವನು ಬಿಗುಮಾನದಿಂದ ಎತ್ತಲಿಲ್ಲ. ಮರುವರ್ಷ ಫೋನ್ ಬರಲಿಲ್ಲ. ಆ ದಿನ ಪೂರ್ತಿ ಅವನು ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡಿದ.

ಅವನಿಗೆ ಬೇಕಿದ್ದುದು ಇಷ್ಟೇ: ಮಗಳು ಮನೆಗೆ ಬರಬೇಕು. ಬಾ ಎಂದು ಕರೆಯಲು ಕೈಯಲ್ಲಿ ಏನಾದರೂ ಇರಬೇಕಲ್ಲ. ಮುಚ್ಚಿದ ಕಚೇರಿಗೆ, ತಣ್ಣಗಿನ ಒಲೆಗೆ ಯಾವ ಮುಖ ಹೊತ್ತು ಕರೆಯುವುದು? ಲೊಜಾನ್ ಒಬ್ಬ ಇಲ್ಲದಿದ್ದರೆ ಊರಿಗೆ ಮತ್ತೆ ಸ್ಪಾಸೇ ದಿಕ್ಕು. ಆಗ ಫೋನ್ ಮಾಡಿ ಹೇಳಬಹುದು, ವ್ಯಾಪಾರ ಕೈಮೀರಿ ಹೋಗುತ್ತಿದೆ, ಬಾ ಮಗಾ, ನಿನ್ನ ಆ ವೆಬ್‌ಸೈಟ್ ಮಾಡಿಕೊಡು ಎಂದು. ಈ ಮಾತನ್ನು ಅವನು ಎಷ್ಟು ಸಲ ಮನಸ್ಸಿನಲ್ಲೇ ಆಡಿದ್ದನೆಂದರೆ, ಲೊಜಾನ್ ಇಲ್ಲದಿದ್ದರೆ ಎಂಬ ಅದರ ಮೊದಲ ಭಾಗ ಕ್ರಮೇಣ ಒಂದು ಸಾಮಾನ್ಯ ಕೆಲಸದಂತೆ, ಚಳಿಗಾಲಕ್ಕೆ ಮುಂಚೆ ಸೌದೆ ಒಡೆದಿಡುವಂತೆ ಕಾಣತೊಡಗಿತು.

ಕೊಲ್ಲುವುದು ಎಂಬ ಪದವನ್ನು ಅವನು ಬಳಸಲಿಲ್ಲ. ಬೀಳುವುದು ಎಂದುಕೊಂಡ. ಹಳೇ ಮನೆಗಳಲ್ಲಿ ಜನ ಬೀಳುತ್ತಾರೆ.

ಬೆಟ್ಟದ ಮೇಲಿನ ಗೋರ್ನಾ ರೋಸಾದಲ್ಲಿ ಅಂಥ ಮನೆಯೊಂದಿತ್ತು. ವಾರಸುದಾರರು ಎಲ್ಲೋ ಅರ್ಜೆಂಟೀನಾದಲ್ಲಿದ್ದರು. ಬಹಳ ಹಿಂದೆ ಮಾರಿಸಿಕೊಡು ಎಂದು ಸ್ಪಾಸ್‌ಗೆ ಬೀಗದ ಕೈ ಕೊಟ್ಟವರು ಅದನ್ನು ಕೇಳುವುದನ್ನೂ ಮರೆತಿದ್ದರು. ಕೆಳಗೆ ದ್ರಾಕ್ಷಾರಸದ ಪೀಪಾಯಿಗಳಿಗೆಂದು ಕಲ್ಲಿನ ಆಳವಾದ ನೆಲಮಾಳಿಗೆ. ಮೇಲೆ ಹಲಗೆ ಹಾಸಿದ ಪಡಸಾಲೆ, ಅದರ ತುದಿಗೆ ಇಡೀ ಕಣಿವೆ ಕಾಣುವ ಮರದ ಜಗುಲಿ. ಹೊರಗಿನ ಮೆಟ್ಟಿಲು ಹತ್ತಿ ಬಾಗಿಲು ತೆರೆದರೆ ನೇರ ಪಡಸಾಲೆಯೇ. ಬಾಗಿಲ ಬುಡದ ತೊಲೆ ಒಳಗಿಂದೊಳಗೇ ಗೆದ್ದಲು ತಿಂದು ಪೊಳ್ಳಾಗಿತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ನೆಲಮಾಳಿಗೆಯಿಂದ ಕೊಟ್ಟ ಒಂದು ಊರೆಗಂಬ. ಆ ತೊಲೆ ಕಂಡ ಮೇಲೆ ಸ್ಪಾಸ್ ಮನೆಯನ್ನು ಯಾರಿಗೂ ತೋರಿಸಿರಲಿಲ್ಲ. ಈ ಗುಟ್ಟು ಗೊತ್ತಿದ್ದವನು ಅವನೊಬ್ಬನೇ. ಊರೆಗಂಬ ತೆಗೆದರೆ ಹಲಗೆಗಳು ಬೆಕ್ಕಿನ ಭಾರ ಹೊತ್ತಾವು, ಮನುಷ್ಯನ ಭಾರ ಹೊರಲಾರವು. ಮೇಲಿನ ಬಾಗಿಲಿಂದ ನೋಡುವವನಿಗೆ ಏನೂ ತಿಳಿಯುವುದಿಲ್ಲ.

ಉಳಿದದ್ದು ಲೊಜಾನ್‌ನನ್ನು ಆ ಬಾಗಿಲಿಗೆ ಕರೆತರುವುದು. ಅದಕ್ಕೆ ದಾರಿ ಅವನ ವೆಬ್‌ಸೈಟೇ.

ಸ್ಪಾಸ್ ಬಸ್ಸು ಹತ್ತಿ ಗಾಬ್ರೊವೊಕ್ಕೆ ಹೋಗಿ, ತನ್ನನ್ನು ಯಾರೂ ಗುರುತಿಸದ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತ. ಜೀವಮಾನದಲ್ಲಿ ಮೊದಲ ಸಲ ಆ ವೆಬ್‌ಸೈಟನ್ನು ಸಮಾಧಾನವಾಗಿ ನೋಡಿದ. ಯಾವ ಊರು, ಎಷ್ಟು ಕೋಣೆ, ಛಾವಣಿ ಸೋರುತ್ತದೆಯೆ, ಮಾರುವ ತೀರ್ಮಾನ ಯಾರದು, ಯಾವಾಗ ಮಾರಬೇಕು, ಯಾಕೆ ಮಾರಬೇಕು. ಕಾಫಿ ಕುಡಿಸುತ್ತ ತಾನು ಕೇಳುತ್ತಿದ್ದ ಪ್ರಶ್ನೆಗಳೇ ಇವು, ಅದೇ ಅನುಕ್ರಮದಲ್ಲಿ. ನೆವೆನಾ ಹೇಳುತ್ತಿದ್ದುದೂ ಇದನ್ನೇ. ನೀನು ಮಾಡೋದನ್ನೇ ಇದೂ ಮಾಡುತ್ತೆ ಅಪ್ಪಾ, ದೂರ ಇರೋರಿಗೆ ಮಾಡುತ್ತೆ ಅಷ್ಟೇ ಎಂದು. ಆಗ ಅವನ ಕಿವಿಗೆ ಅದು ಬಿದ್ದಿರಲಿಲ್ಲ.

ಇಂಥ ಕಡೆ ಬರುವ ವಿಚಾರಣೆಗಳಲ್ಲಿ ಮುಕ್ಕಾಲು ಪಾಲು ಕಸ ಎಂಬುದು ಅವನಿಗೆ ಗೊತ್ತಿತ್ತು. ಪಕ್ಕದ ಮನೆಯ ಬೆಲೆ ತಿಳಿಯುವ ಚಪಲದವರು, ಕುಡಿದ ಮತ್ತಿನಲ್ಲಿ ಅಪ್ಪನ ಆಸ್ತಿ ಮಾರಹೊರಟವರು, ಗಂಡನನ್ನು ಹೆದರಿಸಲು ಬರೆಯುವ ಹೆಂಡಂದಿರು. ಅಂಥವರಿಗಾಗಿ ಲೊಜಾನ್ ಬೆಟ್ಟ ಹತ್ತುವವನಲ್ಲ. ಇದು ಅಪ್ಪಟ ಚಿನ್ನದಂಥ ಗಿರಾಕಿಯಾಗಬೇಕು. ಹಾಗಾಗಿ ಸ್ಪಾಸ್ ಮನೆಯನ್ನು ಹೊಗಳಲಿಲ್ಲ. ಛಾವಣಿ ಒಂದು ಮೂಲೆಯಲ್ಲಿ ಸೋರುತ್ತದೆ ಎಂದು ತಾನೇ ಒಪ್ಪಿಕೊಂಡ, ಏಕೆಂದರೆ ಸುಳ್ಳುಗಾರ ಯಾವತ್ತೂ ಛಾವಣಿ ಸೋರುತ್ತದೆ ಎನ್ನುವುದಿಲ್ಲ. ಬೆಲೆಯ ಮಾತೆತ್ತಲಿಲ್ಲ. ತೀರ್ಮಾನ ನನ್ನೊಬ್ಬನದೇ ಎಂದು ಬರೆದ. ಹೆಸರು ಬೊಯಾನ್, ಸ್ಪೇನಿನ ಕಿತ್ತಳೆ ತೋಟದಲ್ಲಿ ಕೆಲಸ, ಫೋನ್ ಎತ್ತಲು ಬಿಡುವಿಲ್ಲ. ಬೀಗದ ಕೈ ಮೆಟ್ಟಿಲ ಪಕ್ಕದ ಹೆಂಚಿನ ಕೆಳಗಿದೆ. ಶುಕ್ರವಾರ ಬೆಳಿಗ್ಗೆ ಹೋಗಿ ಜಗುಲಿಯಿಂದ ಕಾಣುವ ನೋಟದ ಫೋಟೊ ಕಳಿಸಿದರೆ ಮನೆ ನಿಮ್ಮ ಕೈಗೆ, ಇಲ್ಲವಾದರೆ ಗಾಬ್ರೊವೊದ ಬೇರೊಬ್ಬರಿಗೆ. ಶುಕ್ರವಾರವನ್ನು ಅವನು ಹವಾಮಾನ ನೋಡಿ ಆರಿಸಿದ್ದ. ಶನಿವಾರದಿಂದ ಹಿಮ ಬಿದ್ದು ದಾರಿ ಮುಚ್ಚುವ ಸೂಚನೆಯಿತ್ತು. ಗೋರ್ನಾ ರೋಸಾದಲ್ಲಿ ಬೇಸಿಗೆ ಕಳೆಯುವ ಮುದುಕಿಯರಿಬ್ಬರೂ ಅಷ್ಟರಲ್ಲಿ ಮಕ್ಕಳ ಮನೆ ಸೇರಿಕೊಂಡಿರುತ್ತಾರೆ. ಕೂಗಿದರೆ ಓಗೊಡುವವರಿಲ್ಲ.

ಯಾಕೆ ಮಾರಬೇಕು ಎಂಬಲ್ಲಿ ಬಹಳ ಹೊತ್ತು ಕೂತ. ಸಾಲ ಎಂದು ಬರೆದು ಅಳಿಸಿದ. ಕಾಯಿಲೆ ಎಂದು ಬರೆದು ಅಳಿಸಿದ. ಕೊನೆಗೆ ಬರೆದದ್ದು ಇದು: ‘ಮಗಳಿಗೆಂದು ಉಳಿಸಿಕೊಂಡಿದ್ದ ಮನೆ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಪ್ಪು ನನ್ನದು. ಹೇಳಲು ನಾಲಿಗೆ ಏಳುವುದಿಲ್ಲ. ಅವಳಿಲ್ಲದ ಮೇಲೆ ಈ ಗೋಡೆಗಳು ನನಗೆ ಯಾಕೆ?’ ಒಳ್ಳೆಯ ಗಾಳ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಕಣ್ಣು ಉರಿಯಿತು. ಗ್ರಂಥಾಲಯದ ಬಿಸಿಗಾಳಿಗೆ ಇರಬೇಕು ಎಂದುಕೊಂಡ.

ಹೊರಗೆ ಹೋಗಿ ಒಂದು ಸಿಗರೇಟು ಸೇದಿ ಬರುವಷ್ಟರಲ್ಲಿ ಲೊಜಾನ್‌ನ ಉತ್ತರ ಬಂದಿತ್ತು. ಶುಕ್ರವಾರ ಖಂಡಿತ ಫೋಟೊ ತೆಗೆಸುವುದಾಗಿ ಬರೆದಿದ್ದ. ಕೆಳಗೆ ಇನ್ನೊಂದು ಮಾತು ಸೇರಿಸಿದ್ದ: ‘ಮಗಳ ವಿಷಯ ಓದಿ ಸಂಕಟವಾಯಿತು. ನನ್ನ ಗೆಳೆಯನೊಬ್ಬನದೂ ಇದೇ ಪಾಡು. ಮನೆ ಮಾರಲು ಆತುರಪಡಬೇಡಿ, ಮಕ್ಕಳು ಬರುತ್ತಾರೆ.’ ಮಾರುವವನಿಗೇ ಆತುರ ಬೇಡ ಎನ್ನುವುದು ಹಳೇ ಪಟ್ಟು, ಅದನ್ನು ಕಲಿಸಿದವನೂ ತಾನೇ ಎಂದು ಸ್ಪಾಸ್ ತುಟಿ ಕೊಂಕಿಸಿದ. ಕಂಪ್ಯೂಟರ್ ಆರಿಸಿ ಬಸ್ಸು ಹಿಡಿದ.

ಎರಡು ದಿನ ಬಿಟ್ಟು ಬೆಟ್ಟ ಹತ್ತಿದ. ಹೆಗಲಿಗೆ ಸೌದೆಯ ಹಗ್ಗ, ಯಾರಾದರೂ ಕಂಡರೆ ಹೇಳಲು. ಯಾರೂ ಕಾಣಲಿಲ್ಲ. ನೆಲಮಾಳಿಗೆಯಲ್ಲಿ ಊರೆಗಂಬದ ಬುಡದ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಕಂಬವನ್ನು ಮೆಲ್ಲಗೆ ವಾಲಿಸಿ, ಎಳೆದು ಹೊರಗೆ ತಂದು ಸೌದೆಯ ರಾಶಿಗೆ ಸೇರಿಸಿದ. ಮೇಲೆ ಹಲಗೆಗಳು ಸಣ್ಣಗೆ ನರಳಿದವು, ಆದರೆ ನಿಂತವು. ಬೀಗದ ಕೈಯನ್ನು ಹೆಂಚಿನ ಕೆಳಗಿಟ್ಟ. ಲೊಜಾನ್‌ನ ಕಾಲು ಮುರಿಯಬಹುದು ಅಷ್ಟೇ, ಆರು ತಿಂಗಳು ಹಾಸಿಗೆ ಹಿಡಿದರೂ ನನಗೆ ಸಾಕು ಎಂದು ಇಳಿಜಾರಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಆ ನೆಲಮಾಳಿಗೆಯ ಕಲ್ಲು ಎಂಥದೆಂದು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು.

ಶುಕ್ರವಾರ ಪೆನ್ಕಾಳ ಕಾಫಿ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಂತ. ಸಂಜೆಯವರೆಗೂ ಹತ್ತು ಜನರ ಕಣ್ಣಿಗೆ ಬೀಳುತ್ತ ಕೂರಬೇಕೆಂಬುದು ಲೆಕ್ಕ. ಒಳಗೆ ಕಾಲಿಡುತ್ತಿದ್ದಂತೆ ಪೆನ್ಕಾ ಮುಖ ಗಂಟಿಕ್ಕಿದಳು.

“ನೀನಾ? ಇವತ್ತು ಎಲ್ಲರಿಗಿಂತ ಮುಂಚೆ ನೀನೇ ಬರ್ಬೇಕಿತ್ತಾ?”

ತನ್ನ ಹುಳಿಮುಖ ಕಂಡರೆ ಊರಿಗೇ ಆಗುವುದಿಲ್ಲ ಎಂಬುದು ಅವನಿಗೆ ಹೊಸದೇನಲ್ಲ. ಕಿಟಕಿಯ ಪಕ್ಕ ಹೋಗಿ ಕೂತ. ಚೌಕದ ಆಚೆ ಲೊಜಾನ್‌ನ ಬಿಳಿ ಕಾರು ನಿಂತಿತ್ತು. ಕಾಫಿ ಬರುವಷ್ಟರಲ್ಲಿ ಅದು ಹೊಗೆಯುಗುಳುತ್ತ ಹೊರಟಿತು. ಪಕ್ಕದ ಗಾಜಿನ ತುಂಬ ಮಂಜು ಹೆಪ್ಪುಗಟ್ಟಿತ್ತು, ಒಳಗಿದ್ದವನ ಮುಖ ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದು ಎನ್ನಿಸಿತು. ಕಾರು ಬೆಟ್ಟದ ದಾರಿಗೆ ತಿರುಗಿತು.

ಈಗ ಸೇತುವೆ ದಾಟಿರಬೇಕು, ಈಗ ಗಿರಣಿಯ ತಿರುವು ಎಂದು ಮನಸ್ಸು ಬೇಡವೆಂದರೂ ಕಾರಿನ ಹಿಂದೆಯೇ ಓಡಿತು. ಒಮ್ಮೆ ಅವನಿಗೆ ಚರ್ಚಿನಲ್ಲಿ ಒದ್ದೆ ನೆವೆನಾಳನ್ನು ಎತ್ತಿಕೊಂಡು, ಎಲ್ಲಿ ಬೀಳಿಸುತ್ತೇನೋ ಎಂದು ಬೆವರುತ್ತ ನಿಂತಿದ್ದ ಲೊಜಾನ್ ನೆನಪಾದ. ಕುರ್ಚಿಯ ಹಿಡಿ ಹಿಡಿದು ಅರ್ಧ ಎದ್ದ. ಎದ್ದು ಏನೆಂದು ಹೇಳುವುದು, ಯಾರಿಗೆ ಹೇಳುವುದು? ಮತ್ತೆ ಕೂತ. ಸಂಜೆ ಮಗಳಿಗೆ ಆಡಬೇಕಾದ ಮಾತನ್ನು ಹೊಂದಿಸತೊಡಗಿದ. ಮೊದಲು ಊಟ ಆಯಿತಾ ಎಂದು ಕೇಳಬೇಕು. ಆಮೇಲೆ ತಪ್ಪಾಯಿತು ಎನ್ನಬೇಕು. ಈ ಸಲ ಅಂದೇ ಬಿಡಬೇಕು. ಹಾಗೆಂದುಕೊಂಡಾಗ ವರ್ಷಗಳಿಂದ ಇಲ್ಲದ ಒಂದು ಹಗುರ ಎದೆಗೆ ಬಂತು, ಅವನು ಎರಡನೇ ಕಾಫಿ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಬಾಗಿಲು ತೆರೆಯಿತು. ಕಂಕುಳಲ್ಲಿ ದ್ರಾಕ್ಷಾರಸದ ಬಾಟಲಿ ಇರುಕಿಕೊಂಡು ಒಳಗೆ ಬಂದವನು ಲೊಜಾನ್. ಚಳಿಯಲ್ಲಿ ನಡೆದು ಬಂದು ಮೂಗು ಕೆಂಪಾಗಿತ್ತು. ನೆಟ್ಟಗೆ ಸ್ಪಾಸ್‌ನ ಮೇಜಿಗೇ ಬಂದು, ಮೂರು ವರ್ಷ ಮಾತು ಬಿಟ್ಟದ್ದು ಸುಳ್ಳೇ ಎಂಬಂತೆ ಎದುರಿನ ಕುರ್ಚಿ ಎಳೆದು ಕೂತ. ಸ್ಪಾಸ್‌ನ ಮನಸ್ಸು ಒಂದೇ ಕಡೆ ಸಿಕ್ಕಿಕೊಂಡಿತ್ತು: ಕಾರು ಹೋಗಿದೆಯಲ್ಲ.

ಲೊಜಾನ್ ಪೆನ್ಕಾಳಿಂದ ಎರಡು ಲೋಟ ತರಿಸಿ ತುಂಬಿಸಿದ. ಬೈಯುವುದಿದ್ದರೆ ಆಮೇಲೆ ಬೈಯಿ, ಮೊದಲು ಪೂರ್ತಿ ಕೇಳು ಎಂದ. ಸ್ಪೇನಿನಿಂದ ಯಾವನೋ ಗಿರಾಕಿ ಮಗಳ ವಿಷಯ ಬರೆದಿದ್ದನಂತೆ. ಓದಿ ಅವನಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ.

“ನೀನೇ ಕಣ್ಮುಂದೆ ಬಂದೆ ಕಣೋ. ತಡ್ಕೊಳ್ಳೋಕೆ ಆಗ್ಲಿಲ್ಲ, ನೆವೆನಾಗೆ ಫೋನ್ ಮಾಡ್ದೆ. ನಿಮ್ಮಪ್ಪ ಬಾಯಿಬಿಟ್ಟು ಕರೆಯೋನಲ್ಲ, ನೀನೇ ಬಾ ಅಂದೆ. ಇವತ್ತು ಬೆಳಗಿನ ಜಾವದ ಬಸ್ಸಿಗೆ ಬಂದಿಳಿದಳು. ನಿನ್ನ ಹತ್ರಾನೇ ಓಡೋಳಿದ್ದಳು, ಮೊದ್ಲು ಈ ಗೂಳಿನ ನಾನು ಸಮಾಧಾನ ಮಾಡ್ತೀನಿ ತಾಳು ಅಂತ ತಡೆದೆ.”

ಅವಳು ಈಗ ಎಲ್ಲಿ ಎಂದು ಸ್ಪಾಸ್ ಕೇಳಿದ. ಲೊಜಾನ್ ಕಿಟಕಿಯಾಚೆ ಬೆಟ್ಟದ ಕಡೆ ನೋಡಿ, ಇಷ್ಟು ಹೊತ್ತಿಗೆ ಬಂದಿರಬೇಕಿತ್ತು, ಫೋನೂ ಸಿಗುತ್ತಿಲ್ಲ ಎಂದ. ಆಮೇಲೆ ಗೆಳೆಯನ ಭುಜದ ಮೇಲೆ ಕೈಯಿಟ್ಟು ಹೇಳಿದ: “ಆ ಸ್ಪೇನಿನವನ ಮನೆಗೆ ನಾನೇ ಹೋಗ್ಬೇಕಿತ್ತು. ಆದ್ರೆ ಇವತ್ತು ಸಂತ ಇಗ್ನಾಟನ ಹಬ್ಬ ಅಲ್ವಾ, ನಿನಗೆಲ್ಲಿ ನೆನಪಿರುತ್ತೆ. ಇವತ್ತು ಮೊದ್ಲು ಹೊಸಿಲು ದಾಟಿದೋರ ಕಾಲ್ಗುಣವೇ ಆ ಮನೆಗೆ ವರ್ಷ ಪೂರ್ತಿ. ನನ್ನ ಕಾಲ್ಗುಣ ಕೆಟ್ಟದ್ದು ಅಂತ ಊರಿಗೇ ಗೊತ್ತು. ನಿನ್ನ ಮಗಳನ್ನ ಚಿಕ್ಕಂದಿನಲ್ಲಿ ಈ ಹಬ್ಬಕ್ಕೆ ಬೀದಿಯೋರೆಲ್ಲ ಎತ್ಕೊಂಡು ಹೋಗ್ತಿದ್ರಲ್ಲ, ಅದಕ್ಕೇ ಕಾರು ಅವಳ ಕೈಗೆ ಕೊಟ್ಟು ಕಳಿಸ್ದೆ. ಒಳಗೆ ಮೊದಲ ಹೆಜ್ಜೆ ನೀನೇ ಇಡಮ್ಮಾ, ಆ ಬಡಪಾಯಿಯ ಮಗಳೂ ಮನೆಗೆ ಬರಲಿ ಅಂದೆ.”