ಬರೆಯದೆ ಉಳಿದ ಚೀಟಿ

ಥಿಯೋನನಿಗೆ ಸಂತರಲ್ಲಿ ನಂಬಿಕೆ ಇರಲಿಲ್ಲ. ಅಲೆಕ್ಸಾಂಡ್ರಿಯಾದಿಂದ ಬಂದವನು, ಲಿಪಿಕಾರ. ಹುತಾತ್ಮ ಸಂತ ಕೆಲೋಲರ ಇಗರ್ಜಿಯ ಬಾಗಿಲಲ್ಲಿ ಕೂತು, ಅಕ್ಷರ ಬಾರದವರಿಗೆ ಚೀಟಿ ಬರೆದುಕೊಡುವುದು ಎರಡು ತಿಂಗಳಿಂದ ಅವನ ಕೆಲಸ. ಒಂದು ಪ್ರಶ್ನೆಗೆ ಎರಡು ಚೀಟಿ. ಒಂದರಲ್ಲಿ 'ಮಾಡು', ಇನ್ನೊಂದರಲ್ಲಿ 'ಮಾಡಬೇಡ'. ಸುರುಳಿ ಸುತ್ತಿ, ದಾರ ಕಟ್ಟಿ ಒಳಗೆ ಸಂತರ ಗೋರಿಯ ಮೇಲಿಟ್ಟರೆ ಪಾದ್ರಿ ಪ್ರಾರ್ಥಿಸಿ ಒಂದನ್ನು ಎತ್ತಿಕೊಡುತ್ತಿದ್ದ. ಉಳಿದದ್ದು ಗೋರಿಯ ಬಿರುಕಿಗೆ ಸೇರುತ್ತಿತ್ತು.

ಈ ಸಲ ಪ್ರಶ್ನೆ ಅವನದೇ. ಆರು ವರ್ಷದ ಮಗಳು ನೊನ್ನಾಳ ಜ್ವರ ಇಳಿಯುತ್ತಿರಲಿಲ್ಲ. ದೋಣಿಯಲ್ಲಿ ಮೂರು ದಿನ ಹೋದರೆ ನದಿಯ ಕೆಳಗಿನ ಊರಲ್ಲಿ ಒಳ್ಳೆಯ ವೈದ್ಯನಿದ್ದ.

"ಸಂತರನ್ನ ಕೇಳ್ದೆ ಮಗೂನ ದೋಣಿ ಹತ್ಸಲ್ಲ," ಎಂದುಬಿಟ್ಟಿದ್ದಳು ಹೆಂಡತಿ ಟಗಾಪೆ.

ಅವನು ಎರಡು ಚೀಟಿಯಲ್ಲೂ 'ದೋಣಿ ಹತ್ತಿಸು' ಎಂದೇ ಬರೆದ.

ಬಾಗಿಲು ಕಾಯುವ ಮುದುಕ ಪಿಹೂರ್ ಪಕ್ಕದಲ್ಲೇ ನಿಂತಿದ್ದ. "ಎರಡು ಸಲಾನೂ ಕೈ ಒಂದೇ ಥರ ಓಡ್ತಲ್ಲ ಮಗಾ."

"ಓದೋಕೆ ಯಾವಾಗ ಕಲಿತ್ರಿ ತಾತಾ?"

"ಓದೋಕೆ ಬರಲ್ಲ, ನೋಡೋಕೆ ಬರತ್ತೆ. ಬೇಡ ಅನ್ನೋದಕ್ಕೂ ಒಂದು ಚೀಟಿ ಕೊಡು. ಕೊಡ್ದಿದ್ರೆ ಅದು ತಾನೇ ಜಾಗ ಹುಡುಕತ್ತೆ."

"ನಿಮ್ಮ ಬೋಳುತಲೆ ಇದೆಯಲ್ಲ. ನನ್ನ ಹಾಳೆಗಿಂತ ನುಣುಪು."

ಮುದುಕ ನಗಲಿಲ್ಲ.

ಪಾದ್ರಿ ಎತ್ತಿದ ಚೀಟಿಗೆ ಟಗಾಪೆ ಮುತ್ತಿಟ್ಟು ಎದೆಯ ಬಟ್ಟೆಯೊಳಗೆ ಸಿಕ್ಕಿಸಿಕೊಂಡಳು. ಮರುದಿನವೇ ಹೊರಟರು.

ಎರಡನೆಯ ದಿನ ನಡುಮಧ್ಯಾಹ್ನ ದೋಣಿಯಲ್ಲಿ ವಾಸನೆ ಎದ್ದಿತು. ಗೋರಿಯ ದೀಪದೆಣ್ಣೆ, ರಾಳ, ಹೆಣಕ್ಕೆ ಸುತ್ತಿದ ಹಳೆಯ ಬಟ್ಟೆ. ಸುತ್ತ ಕೆಸರುನೀರು ಬಿಟ್ಟರೆ ಏನೂ ಇಲ್ಲ. ಗಾಳಿ ಸತ್ತು ಹಾಯಿ ಜೋತುಬಿದ್ದಿತ್ತು. ಆ ಮೌನದಲ್ಲಿ ಒಂದು ಸದ್ದು. ಗರ್, ಗರ್. ಲೇಖನಿ ಕೆರೆಯುವ ಸದ್ದು. ಥಿಯೋನನ ಲೇಖನಿ ಚೀಲದಲ್ಲಿತ್ತು. ಚೀಲ ಕಟ್ಟಿತ್ತು.

"ಅಪ್ಪಾ, ಯಾರೋ ಕಚಗುಳಿ ಇಡ್ತಿದಾರೆ," ಎಂದಳು ನೊನ್ನಾ.

ಅವನು ಹೊದಿಕೆ ಸರಿಸಿದ. ಪಾದದಿಂದ ಮೊಣಕಾಲಿನವರೆಗೆ, ಚರ್ಮದ ಕೆಳಗೆ, ಕಪ್ಪು ಅಕ್ಷರಗಳು. 'ದೋಣಿ ಹತ್ತಿಸಬೇಡ.' ಒಂದು ಸಾಲು ಮುಗಿದರೆ ಮತ್ತೆ ಅದೇ ಸಾಲು. ಕೊನೆಯ ಅಕ್ಷರದ ಬಾಲವನ್ನು ಎಡಕ್ಕೆ ಎಳೆಯುವುದು ಅವನದೇ ಚಾಳಿ. ಬರೆದಷ್ಟೂ ಕಾಲು ಮರದ ಹಾಗೆ ತಣ್ಣಗಾಗಿತ್ತು.

ಓದಲು ಬಾರದ ಟಗಾಪೆ ಎದೆಯಿಂದ ಚೀಟಿ ತೆಗೆದು ಮಗುವಿನ ಕಾಲಿನ ಪಕ್ಕ ಹಿಡಿದಳು. ಗೆರೆಗೆ ಗೆರೆ ಹೋಲಿಸಿದಳು.

"ಇಲ್ಲಿ ಕೊನೇಲಿ ಏನೋ ಜಾಸ್ತಿ ಇದೆ. ಇನ್ನೊಂದು ಚೀಟೀಲಿ ಏನು ಬರೆದ್ರಿ?"

ಅವನು ಚೀಲದ ಗಂಟಿಗೆ ಕೈಹಾಕಿದ.

"ಬಾಯಿ ಬಿಡಿ!"

"ನಿನ್ನ ಕೈಯಲ್ಲಿರೋದನ್ನೇ."

ಅವನು ಚೀಲ ಹರಿದ. ಹಾಳೆಯ ಮೇಲೆ 'ಬೇಡ' ಎಂದು ಬರೆದ. ಶಾಯಿ ನಿಲ್ಲಲಿಲ್ಲ. ಮತ್ತೆ ಬರೆದ. ಜಾರಿತು. ಸಾಲು ಮಗುವಿನ ಹೊಟ್ಟೆಗೆ ಬಂತು. ಗರ್, ಗರ್. ಎದೆಗೆ ಬಂತು. ಮಗುವಿನ ಉಸಿರು ಸಿಕ್ಕಿಕೊಂಡಿತು. ಹಾಳೆ ಅದಕ್ಕೆ ಬೇಡವಾಗಿತ್ತು. ಚರ್ಮ ಬೇಕಿತ್ತು. ಅವನು ಸಾಲಿನ ಮುಂದೆ ಬಲಗೈ ಒತ್ತಿಹಿಡಿದ.

"ಮೋಸ ಮಾಡಿದ್ದು ಈ ಕೈ. ಇದರ ಮೇಲೆ ಬರಿ. ಇದರ ಮೇಲೆ ಬರಿ!"

ಸದ್ದು ನಿಂತಿತು.

ಅವನ ಬೆರಳ ತುದಿಯಲ್ಲಿ ಕಚಗುಳಿ ಶುರುವಾಯಿತು.

ದೋಣಿ ಹಿಂದಕ್ಕೆ ತಿರುಗಿತು. ಇಗರ್ಜಿಯ ಮೆಟ್ಟಿಲು ಮುಟ್ಟುವಾಗ ನೊನ್ನಾಳ ಮೈಯ ಅಕ್ಷರ ಅಳಿದು ಜ್ವರ ಬಿಟ್ಟಿತ್ತು, ಅಂಜೂರ ಬೇಕೆಂದು ಹಟ ಮಾಡುತ್ತಿದ್ದಳು. ಪಿಹೂರ್ ಥಿಯೋನನ ಕೈ ನೋಡಿ ಮುಖ ತಿರುಗಿಸಿದ. ಕಪ್ಪಾಗಿ ಒಣಗಿದ ಬೆರಳುಗಳು ಆ ವಾರ ಒಂದೊಂದಾಗಿ ಕಳಚಿದವು. ನೋವೂ ಆಗಲಿಲ್ಲ.

ಟಗಾಪೆ ಸಂತರನ್ನು ಇನ್ನೊಂದು ಮಾತು ಕೇಳಿದಳು: ಇವನ ಜೊತೆ ಬಾಳಲೇ? ಎರಡೂ ಚೀಟಿಗಳನ್ನು ಬೇರೆ ಲಿಪಿಕಾರನಿಂದ ಬರೆಸಿದಳು. ಎತ್ತಿಕೊಟ್ಟ ಚೀಟಿಯನ್ನು ಮಾತ್ರ ಗಂಡನ ಮುಂದೆ ಹಿಡಿದಳು.

"ಓದಿ."

ಸುಳ್ಳು ಹೇಳಬಹುದಿತ್ತು.

"ಬೇಡ," ಎಂದು ಓದಿದ.

ಟಗಾಪೆ ನೊನ್ನಾಳ ಕೈ ಹಿಡಿದು ಹೊರಟುಹೋದಳು. ಹೋದದ್ದು ಐದು ಬೆರಳು, ಇಬ್ಬರು ಮನುಷ್ಯರು.