ಎತ್ತಿಕೊಟ್ಟ ಹೊರೆ

"ಅಲುಗಾಡಬೇಡ! ಬಿದ್ದುಹೋಗತ್ತೆ!"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ಸೆನಾಮ್ ಬೆಚ್ಚಿದಳು. ಸಣ್ಣ ಈರುಳ್ಳಿ ತುಂಬಿದ ದೊಡ್ಡ ಬೋಗುಣಿಯನ್ನು ಎದೆಮಟ್ಟಕ್ಕೆ ಎತ್ತಿದ್ದಳಷ್ಟೆ. ತಲೆಗೇರಿಸಲಾಗದು, ಕೆಳಗಿಡಲೂ ಆಗದು. ಅಷ್ಟರಲ್ಲಿ ಎರಡು ಗಟ್ಟಿ ಕೈಗಳು ಅದನ್ನು ಹೂವಿನಂತೆ ಎತ್ತಿ ಅವಳ ತಲೆಯ ಮೇಲಿಟ್ಟವು.

"ಕರೆದವರು ಯಾರು ನಿಮ್ಮನ್ನ?" ಎಂದಳು, ನಾಚಿಕೆ ಮುಚ್ಚಿಕೊಳ್ಳಲು.

"ನಿನ್ನ ಕೈ ಕರೀತು. ನಡುಗ್ತಿತ್ತಲ್ಲ! ಹೊರೋದು ಒಬ್ಬರೇ ಆದ್ರೂ, ಎತ್ತಿಡೋಕೆ ಇನ್ನೊಬ್ಬರು ಬೇಕು ಕಣಮ್ಮ."

ಅವನು ಎಲಿಕೆಮ್. ಆನ್ಲೋಗಾ ಊರಿನ ಚರ್ಚಿಗೆ ಹೊಸ ಬೆಂಚು ಮಾಡಲು ಹೋ ಎಂಬ ಪಟ್ಟಣದಿಂದ ಬಂದ ಬಡಗಿ. ಅಂದಿನಿಂದ ಸೆನಾಮ್‌ಗೆ ಚರ್ಚಿನ ಹಾದಿಯೇ ಹತ್ತಿರವಾಯಿತು. ಹೊಲಕ್ಕೂ ಅದೇ ಹಾದಿ, ಸಂತೆಗೂ ಅದೇ ಹಾದಿ!

ಈಸ್ಟರ್ ಹತ್ತಿರ ಬಂದಾಗ ಪಾಸ್ಟರ್ ಎಲ್ಲರನ್ನೂ ಕೂರಿಸಿ ಹೇಳಿದರು.

"ಇಬ್ಬಿಬ್ಬರು ಜೊತೆಯಾಗಿ. ನಿಮ್ಮ ಮನಸ್ಸಿನ ಹೊರೆ ಜೊತೆಗಾರರಿಗೆ ಹೇಳಿ. ಆದರೆ ನೆನಪಿರಲಿ, ನಿಮ್ಮದಕ್ಕೆ ನೀವು ಪ್ರಾರ್ಥಿಸೋ ಹಾಗಿಲ್ಲ. ಅವರದಕ್ಕೆ ನೀವು, ನಿಮ್ಮದಕ್ಕೆ ಅವರು! ಶನಿವಾರ ಜೊತೆಯಾಗೇ ಸಂತೆಗೆ ಹೋಗಿ ನಾಲ್ಕು ಜನಕ್ಕೆ ಯೇಸುವಿನ ಮಾತು ಹೇಳಿ."

ಜೊತೆಗಾರರ ಹೆಸರಿನ ಚೀಟಿ ಎತ್ತುವಾಗ ಸೆನಾಮ್ ಮನಸ್ಸಿನಲ್ಲೇ ಬೇಡಿಕೊಂಡಳು. 'ಎಲಿಕೆಮ್ ಅಂತ ಬರಲಿ ದೇವರೇ... ಒಂದೇ ಒಂದು ಸಲ!'

ಬಂದದ್ದು ಕೊಕುಯಿ ಅಜ್ಜಿಯ ಹೆಸರು. ಎಲಿಕೆಮ್‌ಗೆ ಡೆಲಾಲಿ.

ಡೆಲಾಲಿ! ಗಾಯನ ತಂಡದ ಮುಖ್ಯ ಗಾಯಕಿ. ನಕ್ಕರೆ ಕೆನ್ನೆಯಲ್ಲಿ ಗುಳಿ. ಸೆನಾಮ್ ತನ್ನ ಚೀಟಿಯನ್ನು ಮುದುರಿ ಹಿಸುಕಿದಳು.

"ನನ್ನ ಹೊರೆ ಕೇಳ್ಕೋ," ಎಂದಳು ಅಜ್ಜಿ. "ನನ್ನ ತಂಗಿ ಅಬ್ಲಾ ಇದ್ದಾಳಲ್ಲ, ಅವಳ ಹತ್ರ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಹೋಗಿ ಮಾತಾಡೋ ಧೈರ್ಯ ನನಗೆ ಬರಲಿ. ನಿಂದೇನೇ?"

"ನಂದಾ... ಈರುಳ್ಳಿ ಚೆನ್ನಾಗಿ ಬರಲಿ ಅಂತ ಅಜ್ಜಿ."

ಅಜ್ಜಿ ಅವಳನ್ನೇ ದಿಟ್ಟಿಸಿದಳು. "ಹೂಂ... ಈರುಳ್ಳಿ! ಆಗಲಿ."

ಶನಿವಾರ ಸಂತೆಯಲ್ಲಿ ಸೆನಾಮ್ ಮೀನು ಮಾರುವವಳ ಮುಂದೆ ನಿಂತು, "ಯೇಸು ನಿಮ್ಮನ್ನ ಪ್ರೀತಿಸ್ತಾನೆ..." ಎಂದು ಶುರುಮಾಡಿದಳು. ಅಷ್ಟೇ, ಬಾಯಿ ಕಟ್ಟಿತು. ಆಚೆ ಎಲಿಕೆಮ್ ಮತ್ತು ಡೆಲಾಲಿ ಒಂದೇ ಎಲೆಯಲ್ಲಿ ಅಬೊಲೊ ಕಡುಬು ಮುರಿದು ತಿನ್ನುತ್ತಿದ್ದರು. ಡೆಲಾಲಿ ಏನೋ ಹೇಳಿದಳು. ಅವನು ತಲೆ ತಗ್ಗಿಸಿ ನಾಚಿದ!

"ಏ ಹುಡುಗಿ," ಮೀನಿನವಳು ನಕ್ಕಳು. "ದೇವರ ಮಾತು ಹೇಳೋಕೆ ಬಂದು ಯಾರದೋ ಬೆನ್ನು ನೋಡ್ತೀಯಲ್ಲೇ! ಪ್ರೀತಿ ಯೇಸುವಿಂದೋ, ನಿಂದೋ?"

"ಕಣ್ಣು ಅಲ್ಲಿ, ಬಾಯಿ ಇಲ್ಲಿ," ಅಜ್ಜಿಯೂ ಸೇರಿಕೊಂಡಳು. "ಹೀಗಾದ್ರೆ ದೇವರಿಗೂ ಗಲಿಬಿಲಿ ಆಗತ್ತೆ ಕಣೇ!"

ಸೆನಾಮ್‌ಗೆ ನಗು ಬರಲಿಲ್ಲ.

ನಸುಕಿನ ಪ್ರಾರ್ಥನೆಯಲ್ಲಿ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಬೇಡುವುದು ಅಲ್ಲಿಯ ವಾಡಿಕೆ. ಆ ಮೊರೆತದಲ್ಲಿ ತೀರ ಹತ್ತಿರ ನಿಲ್ಲದೆ ಒಬ್ಬರದು ಒಬ್ಬರಿಗೆ ಕೇಳದು. ಸೆನಾಮ್ ಅಬ್ಲಾಳ ಹೆಸರನ್ನು ಎತ್ತಲೇ ಇಲ್ಲ. ದಿನವೂ ಕದ್ದು ತನ್ನದನ್ನೇ ಬೇಡುತ್ತಿದ್ದಳು. 'ಎಲಿಕೆಮ್‌ನನ್ನ ನನಗೆ ಕೊಡು...'

ಸಂತೆಯಾದ ಮೇಲೆ ಒಂದು ನಸುಕಿನಲ್ಲಿ ಬಾಯಿ ಮುಚ್ಚಿ, ಮೆಲ್ಲನೆ ಸರಿದು ಅವನ ಹಿಂದೆ ನಿಂತಳು. ಕಿವಿಗೊಟ್ಟಳು.

"ಕರ್ತನೇ, ಈ ಮದುವೆ ನಡೆಸಿಕೊಡು! ಡೆಲಾಲಿಯ ಅಪ್ಪನ ಮನಸ್ಸು ಕರಗಿಸು!" ಅವನ ಕೆನ್ನೆಯ ಮೇಲೆ ಕಣ್ಣೀರು.

ಸೆನಾಮ್ ಹಿಂದೆ ಸರಿದಳು. ತಾನು ಕದ್ದು ತನ್ನದನ್ನೇ ಬೇಡುತ್ತಿದ್ದವಳು. ಅವನೂ ಹಾಗೇ ತನ್ನ ಮದುವೆಗೇ ಬೇಡುತ್ತಿದ್ದಾನೆ ಎಂದುಕೊಂಡಳು!

"ನಾನು ಲೊಮೆ ಪಟ್ಟಣಕ್ಕೆ ಹೋಗ್ತೀನಿ ಅಜ್ಜಿ," ಎಂದಳು ಹೊರಗೆ ಬಂದು. "ಚಿಕ್ಕಮ್ಮನ ಬಟ್ಟೆ ಅಂಗಡಿಗೆ. ನಾಳೆ ಪ್ರಾರ್ಥನೆ ಮುಗಿಸಿ ಬಸ್ಸು ಹತ್ತೋದೇ. ಇನ್ನು ವಾಪಸ್ ಬರಲ್ಲ."

"ಹೋಗು. ಹೋಗೋ ಮುಂಚೆ ಒಂದು ಮಾತು ಹೇಳು," ಅಜ್ಜಿಯ ದನಿ ಸಣ್ಣಗಾಯಿತು. "ನಾನು ದಿನಾ ಗಂಟಲು ಹರ್ಕೊಂಡು ನಿನ್ನ ಈರುಳ್ಳಿಗೆ ಬೇಡಿದೀನಿ. ನೀನು ನನ್ನ ಅಬ್ಲಾಗೆ ಒಂದ್ಸಲನಾದ್ರೂ ಬೇಡಿದ್ಯಾ ಮಗಳೇ?"

ಸೆನಾಮ್‌ಳ ಕಣ್ಣು ತುಂಬಿ ಬಂತು... ಹೊಟ್ಟೆಕಿಚ್ಚಿನಲ್ಲಿ ಒಬ್ಬ ಮುದುಕಿಯ ಹೊರೆಯನ್ನು ದಾರಿಯಲ್ಲೇ ಬಿಸಾಡಿದ್ದಳಲ್ಲ!

"ಈರುಳ್ಳಿ ಸುಳ್ಳು ಅಜ್ಜಿ," ಬಿಕ್ಕಿದಳು. "ನನ್ನ ಹೊರೆ... ಎಲಿಕೆಮ್."

"ಗೊತ್ತು ಬಿಡೇ. ಇಡೀ ಸಂತೆಗೇ ಗೊತ್ತು. ನೀನು ನಿನ್ನ ಬಾಯಿಂದ ಹೇಳದೆ ನಾನು ಹೇಗೆ ಹೊರಲಿ?"

ಮರುದಿನ ನಸುಕಿನಲ್ಲಿ ಸೆನಾಮ್ ಮೊದಲ ಬಾರಿಗೆ ತನ್ನನ್ನು ಮರೆತಳು. "ಕೊಕುಯಿ ಅಜ್ಜಿಯ ಕಾಲಿಗೆ ಬಲ ಕೊಡು, ಅಬ್ಲಾಳ ಬಾಗಿಲು ತೆರೆಸು!" ಎಂದು ಕೂಗಿದಳು. ಎಲ್ಲರಂತೆ ಅತ್ತಿಂದಿತ್ತ ನಡೆಯುತ್ತ, ಅಳುತ್ತ ಬೇಡಿದಳು. ಉಸಿರು ತೆಗೆದುಕೊಳ್ಳಲು ನಿಂತದ್ದು ಡೆಲಾಲಿಯ ಪಕ್ಕ.

"...ಎಲಿಕೆಮ್‌ಗೆ ಬಾಯಿಬಿಟ್ಟು ಹೇಳೋ ಧೈರ್ಯ ಕೊಡು ತಂದೆಯೇ! ಸೆನಾಮ್‌ಳ ಮನಸ್ಸನ್ನ ಅವನ ಕಡೆ ತಿರುಗಿಸು. ಆ ಈರುಳ್ಳಿ ಹುಡುಗಿ ಇಲ್ಲದೆ ಅವನು ಬದುಕಲ್ಲ!"

ತನ್ನ ಹೆಸರು! ಯಾರನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದಳೋ ಅವಳ ಬಾಯಲ್ಲಿ!

ಡೆಲಾಲಿ ಕಣ್ಣು ತೆರೆದಳು. ಎದುರಿಗೆ ಸೆನಾಮ್!

"ಅಯ್ಯೋ... ಕೇಳಿಸ್ಕೊಂಡುಬಿಟ್ಟೆಯಾ?"

"ಮತ್ತೆ ಅವರು ಬೇಡಿದ್ದ ನಿನ್ನ ಮದುವೆ..."

"ನನ್ನ ಮೀನುಗಾರ ಹುಡುಗನ ಜೊತೆ! ಅಪ್ಪ ಒಪ್ತಾ ಇಲ್ಲ. ನೀನೇನು ಅಂದ್ಕೊಂಡೆ?" ಡೆಲಾಲಿ ಬಾಯಿಗೆ ಕೈ ಅಡ್ಡ ಹಿಡಿದಳು. "ಥೂ ಪೆದ್ದಿ! ಆ ಬಡಗಿನ ನಾನು ಕಟ್ಕೊಳ್ಳೋದಾ? ಬಾಯಿ ತೆಗೆದ್ರೆ ಸೆನಾಮ್, ಸೆನಾಮ್! ಸಾಕಾಗಿದೆ ನನಗೆ!"

ಹೊರಗೆ ಬೆಳಕು ಹರಿದಿತ್ತು. ಕೊಕುಯಿ ಅಜ್ಜಿ, ಲೊಮೆಗೆ ಒಯ್ಯಲು ಸೆನಾಮ್ ತಂದಿಟ್ಟಿದ್ದ ಬೋಗುಣಿಯಿಂದ ಒಂದು ಕಟ್ಟು ಈರುಳ್ಳಿ ಎತ್ತಿಕೊಂಡು ಅಬ್ಲಾಳ ಮನೆಯ ಕಡೆ ಹೊರಟಿದ್ದಳು. "ಬರಿಗೈಲಿ ಹೋಗೋಕಾಗತ್ತಾ?" ಎಂದು ಗೊಣಗುತ್ತ.

ಬೋಗುಣಿಯ ಪಕ್ಕ ಎಲಿಕೆಮ್ ನಿಂತಿದ್ದ.

"ಲೊಮೆಗೆ ಹೋಗ್ತೀಯಂತೆ," ಎಂದ. "ಇಷ್ಟು ದಿನ ಇನ್ನೊಬ್ಬರ ಬಾಯಲ್ಲಿ ಬೇಡಿಸಿದೆ. ಇವತ್ತು ನಾನೇ ಕೇಳ್ತೀನಿ. ಹೋಗಬೇಡ ಸೆನಾಮ್... ನೀನಂದ್ರೆ ನನಗೆ ಪ್ರಾಣ."

ಸೆನಾಮ್ ಕಣ್ಣೊರೆಸಿಕೊಂಡು ಬೋಗುಣಿಯ ಒಂದು ಅಂಚು ಹಿಡಿದಳು.

"ನೋಡ್ತಾ ನಿಂತಿದ್ದೀರಲ್ಲ... ಎತ್ತಿಕೊಡಲ್ವಾ?"

"ಬಸ್ಸಿಗಾ?"

"ಮನೆಗೆ," ಎಂದಳು. "ನೀವೂ ಬನ್ನಿ. ಇಳಿಸೋಕೂ ಇನ್ನೊಬ್ಬರು ಬೇಕಲ್ಲ!"