ಮೂರನೆಯ ತೆನೆ

2014ರ ಮಾರ್ಚ್ 11, ಮಂಗಳವಾರ ಬೆಳಿಗ್ಗೆ ಅಡಿಲೇಡ್ ಬೆಟ್ಟದ ಠಾಣೆಗೆ ಜರ್ಮನ್ ಸಂಘದ ಅಧ್ಯಕ್ಷ ಕ್ರೌಸೆ ದೂರು ತಂದರು. ತಮ್ಮ ಮೂಲ ಗ್ರಾಮದ ಲಾಂಛನವನ್ನು ಮರದಲ್ಲಿ ಹೊಸದಾಗಿ ಕೆತ್ತಿಸಿದ್ದರು. ಬರುವ ಭಾನುವಾರ ಅನಾವರಣ. ಅದೇ ಕಾಣೆ. ಜೊತೆಗೆ ಬಂದಿದ್ದ ಕಾರ್ಯದರ್ಶಿ ಓಟ್ಟೊ, ಎಪ್ಪತ್ತು ದಾಟಿದವರು, ತುಟಿ ಬಿಚ್ಚಲಿಲ್ಲ.

ಇನ್‌ಸ್ಪೆಕ್ಟರ್ ಗಾನವಿ ದೂರು ದಾಖಲಿಸಿಕೊಂಡು ಸಂಘದ ಸಭಾಂಗಣಕ್ಕೆ ಹೋದಳು. ಕಾನ್‌ಸ್ಟೇಬಲ್ ಮಿಕ್ ಫೋಟೊ ತೆಗೆದ. ಮೈಸೂರಿನವಳಾದ ಗಾನವಿಯ ಲೆಕ್ಕದಲ್ಲಿ ಅದು ಪಂಚರಿಲ್ಲದ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಕ್ರೌಸೆ, ಓಟ್ಟೊ ಇಬ್ಬರ ಹತ್ತಿರ, ಮತ್ತೆ ನೆಲ ಗುಡಿಸುವ ವಿದ್ಯಾರ್ಥಿ ಋತ್ವಿಕ್ ಹತ್ತಿರ. ಕ್ರೌಸೆಯ ಬೆರಳು ನೆಟ್ಟಗೆ ಹುಡುಗನತ್ತ ತಿರುಗಿತು.

ನಮ್ಮವನೆಂದು ಮೆತ್ತಗಾದಾಳು ಎಂಬ ಮಾತು ಬರಬಾರದೆಂದು ಗಾನವಿ ಎರಡು ದಿನ ಅವನನ್ನು ಗಟ್ಟಿಯಾಗಿಯೇ ಅರೆದಳು.

"ಅಕ್ಕ, ಕೇಸ್ ಆದ್ರೆ ವೀಸಾ ಹೋಗ್ಬಿಡತ್ತೆ."

"ಇಲ್ಲಿ ಅಕ್ಕ ತಂಗಿ ಯಾರೂ ಇಲ್ಲ. ಸೋಮವಾರ ಆರ್ವೊ, ಅಂದ್ರೆ ಮಧ್ಯಾಹ್ನ, ಜೊತೇಲಿ ಯಾರಿದ್ರು?"

"ನಾನು, ಪೊರಕೆ."

ಆದರೂ ಒಂದು ಅನುಮಾನ ಅವಳನ್ನು ಕೊರೆಯುತ್ತಿತ್ತು. ಬೆಳ್ಳಿ ಅಂಚಿನ ಹಳೆಯ ಲಾಂಛನ ಗೋಡೆಯಲ್ಲೇ ಇತ್ತು. ಕಳ್ಳ ಬೆಳ್ಳಿ ಬಿಟ್ಟು ಕಟ್ಟಿಗೆ ಹೊತ್ತಿದ್ದ. ಹಳೆಯದರಲ್ಲಿ ಮೂರು ಗೋಧಿ ತೆನೆ. ಹೊಸದರ ಫೋಟೊದಲ್ಲಿ ಎರಡೇ. ಕ್ರೌಸೆ ವಿವರಿಸಿದರು: ಮೂರು ಹಳ್ಳಿ ಸೇರಿ ಆದ ಗ್ರಾಮ, ಹಳ್ಳಿಗೊಂದು ತೆನೆ. ಕಲ್ಲಿದ್ದಲಿಗಾಗಿ ಒಂದು ಹಳ್ಳಿಯನ್ನೇ ಅಗೆದುಬಿಟ್ಟರು, ಅಲ್ಲಿಯವರು ಅದರ ತೆನೆ ತೆಗೆದರು, ನಾವೂ ಮತ ಹಾಕಿ ತೆಗೆದೆವು.

ಹಳ್ಳಿಗಳು ಯಾವುವೆಂದು ಗಾನವಿ ಓಟ್ಟೊ ಅವರನ್ನು ಕೇಳಿದಳು. ಮೊದಲೆರಡನ್ನು ರೈಲು ನಿಲ್ದಾಣ ಕೂಗುವವರಂತೆ ಹೇಳಿ ಮುಗಿಸಿದರು. ಮೂರನೆಯದಕ್ಕೆ ಬಂದಾಗ ಬೇಕರಿ, ಬೇಕರಿಯ ಹಿಂದಿನ ಬಾವಿ, ಬಾವಿಗೆ ಬಾಗಿದ ಪೇರ್ ಮರದವರೆಗೂ ಹೋಗಿ, ತಟ್ಟನೆ ನಿಂತರು.

ಗುರುವಾರ ವಾರಂಟ್ ಹಿಡಿದು ಅವರ ಮನೆಯ ಶೆಡ್ ತೆರೆಸಿದಳು. ಲಾಂಛನ ಮೇಜಿನ ಮೇಲಿತ್ತು, ಒಂದು ಗೀರೂ ಇಲ್ಲದೆ. ಎರಡು ತೆನೆಗಳ ನಡುವೆ ಹೊಸದಾಗಿ ಕೆತ್ತಿದ ಮೂರನೆಯದನ್ನು ಅಂಟಿಸಿ, ಅಲುಗದಂತೆ ಕ್ಲಾಂಪ್ ಬಿಗಿದಿದ್ದರು.

"ಭಾನುವಾರದೊಳಗೆ ವಾಪಸ್ ಇಡುತ್ತಿದ್ದೆ" ಎಂದರು.

"ಆ ಹುಡುಗನ ಬದುಕು ಹೋಗ್ತಿತ್ತು. ಯಾಕೆ ಬಾಯಿ ಬಿಡಲಿಲ್ಲ?"

"ಅಂಟು ಒಣಗಿರಲಿಲ್ಲ."

ಗಾನವಿ ಶೆಡ್ಡಿನಿಂದಲೇ ಋತ್ವಿಕ್‌ಗೆ ಫೋನ್ ಮಾಡಿ ಅವನ ಹೆಸರು ಕೈಬಿಟ್ಟಿದ್ದನ್ನು ತಿಳಿಸಿದಳು. ಆಮೇಲೆ ಓಟ್ಟೊ ಅವರನ್ನು ಬಂಧಿಸಿದಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಡಗು ಹತ್ತಿದವರು ಅವರು. ಹಿಂದಿರುಗಲು ಊರಿರಲಿಲ್ಲ. ಬೆರಳಿಟ್ಟು ತೋರಿಸಲು ಒಂದು ತೆನೆ ಉಳಿದಿತ್ತು. ಅದನ್ನೂ ಬಹುಮತದಿಂದ ಕೊಯ್ದಿದ್ದರು.